ಏಳು ತಿಂಗಳಿಗೇ ಹೊರಟ ಮಗುವಿಗೆ ಒಂದೂವರೆ ಎಂಎಲ್ ಮದ್ದು

"ನಮ್ಮ ಹುಡುಗೀಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟು ಬೆಂಗಳೂರಿಗೆ ಕಳಿಸಿದ್ರು ಸಾರ್. ಅದು ಜಿಮ್ ಹುಡುಗರು ತಗೊಳ್ಳೋದಲ್ವಾ? ಬಸುರೀಗೆ ಯಾಕೆ?"

ತ್ಯಾಮಗೊಂಡ್ಲುವಿನ ದಿನಸಿ ಅಂಗಡಿಯಾಕೆ ನನಗೆ ಬೇಳೆ ಕಟ್ಟಿಕೊಡುತ್ತಾ ಕೇಳಿದರು. ಅಕ್ಕನ ಮಗಳಿಗೆ ಏಳನೇ ತಿಂಗಳಲ್ಲೇ ನೋವು ಶುರುವಾಗಿತ್ತಂತೆ. ತುಂತುರು ಹನಿ ಬಿದ್ದು ಕವರಿನ ಎರಡು ಪದರವೂ ಅಂಟಿಕೊಂಡಿದ್ದವು. ಅವರು ಬಾಯಂಚನ್ನು ಬೆರಳಲ್ಲಿ ಹೊಸೆದು, ಫೂ ಎಂದು ಊದಿ ಬಿಡಿಸಿದರು. ಉತ್ತರ ಅವರ ಕೈಯಲ್ಲೇ ಇತ್ತು.

ಶ್ವಾಸಕೋಶವೆಂದರೆ ಅಂಥ ಕೋಟ್ಯಂತರ ಪುಟ್ಟ ಕವರುಗಳು. ಒಳಗೋಡೆ ಯಾವಾಗಲೂ ಒದ್ದೆ, ಒದ್ದೆಯಾದದ್ದು ಅಂಟಿಕೊಳ್ಳುವುದೂ ಸಹಜ. ಆದರೂ ನಾವು ಉಸಿರು ಬಿಟ್ಟಾಗ ಅವು ಮುಚ್ಚಿಹೋಗುವುದಿಲ್ಲ. ಸೋಪಿನ ನೀರಿನಂತೆ ಕೆಲಸ ಮಾಡುವ ಒಂದು ಜಿಡ್ಡು, ಸರ್ಫ್ಯಾಕ್ಟಂಟ್, ಗೋಡೆಗೆ ಸವರಿರುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಈ ಜಿಡ್ಡು ಸಾಲದು. ಪ್ರತಿ ಉಸಿರಿಗೂ ಅಂಟಿದ ಕವರನ್ನು ಹೊಸದಾಗಿ ಬಿಡಿಸಬೇಕು. ಒಂದು ಕೆಜಿಯ ಕೂಸು ಎಷ್ಟು ಹೊತ್ತು ಹಾಗೆ ಏಗೀತು? 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿ, ಎರಡು ದಿನವೂ ತುಂಬದೆ ತೀರಿಕೊಂಡದ್ದು ಇದೇ ಕಾಯಿಲೆಯಿಂದ. ಅಧ್ಯಕ್ಷರ ಮಗುವಿಗೂ ಆಗ ಮದ್ದಿರಲಿಲ್ಲ.

ಮದ್ದು ಸಿಕ್ಕಿದ್ದು ಕುರಿದೊಡ್ಡಿಯಲ್ಲಿ. ನ್ಯೂಜಿಲೆಂಡಿನ ಹೆರಿಗೆ ವೈದ್ಯ ಗ್ರಹಾಂ ಲಿಗಿನ್ಸ್ ಹುಡುಕುತ್ತಿದ್ದದ್ದು ಬೇರೆಯದನ್ನೇ: ಹೆರಿಗೆ ನೋವು ಶುರು ಮಾಡಿಸುವವರು ತಾಯಿಯೋ ಮಗುವೋ? ಗರ್ಭದೊಳಗಿನ ಕುರಿಮರಿಗೆ ಸ್ಟಿರಾಯ್ಡ್ ಕೊಟ್ಟು ನೋಡಿದರು. ಮರಿಗಳು ಬೇಗ ಹುಟ್ಟಿದವು. ಬದುಕಲು ಸಾಧ್ಯವೇ ಇಲ್ಲದಷ್ಟು ಎಳೆಯ ಮರಿಯೊಂದು ಉಸಿರಾಡುತ್ತಿತ್ತು! ಬೇರೆ ಯಾರಾದರೂ ಆಗಿದ್ದರೆ ಅದೃಷ್ಟ ಎಂದು ಬಿಟ್ಟುಬಿಡುತ್ತಿದ್ದರೇನೋ. ಲಿಗಿನ್ಸ್ ಅದರ ಶ್ವಾಸಕೋಶವನ್ನು ನೋಡಿದರು, 1969ರಲ್ಲಿ ಬರೆದರು. ಮಕ್ಕಳ ವೈದ್ಯ ರಾಸ್ ಹೋವಿಯವರ ಜೊತೆ ತಾಯಂದಿರಲ್ಲಿ ಪರೀಕ್ಷಿಸಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಜಗತ್ತು ಪೂರ್ತಿ ನಂಬಲು ಮತ್ತೆ ಇಪ್ಪತ್ತು ವರ್ಷ ಹಿಡಿಯಿತು. ಆ ಇಪ್ಪತ್ತು ವರ್ಷಗಳಲ್ಲಿ ಹೋದ ಮಕ್ಕಳನ್ನು ನೆನೆದರೆ ಸಂಕಟವಾಗುತ್ತದೆ.

ದಿನ ತುಂಬುತ್ತಾ ಬಂದಂತೆ ಮಗುವಿನ ಮೂತ್ರಪಿಂಡದ ಮೇಲಿನ ಗ್ರಂಥಿಯೇ ಕಾರ್ಟಿಸೋಲ್ ಎಂಬ ಸ್ಟಿರಾಯ್ಡ್ ಸುರಿಸಿ, ಜಿಡ್ಡು ತಯಾರಿಸು ಎಂದು ಶ್ವಾಸಕೋಶಕ್ಕೆ ಹೇಳುತ್ತದೆ. ಇಂಜೆಕ್ಷನ್ ಅದೇ ಮಾತನ್ನು ಮುಂಚೆಯೇ ಹೇಳುತ್ತದೆ, ಅಷ್ಟೆ. ಜಿಮ್ಮಿನ ಸ್ಟಿರಾಯ್ಡ್ ಬೇರೆಯೇ ಕುಲದ್ದು. ಮಾಮೂಲಿ ಕಾರ್ಟಿಸೋಲನ್ನೇ ತಾಯಿಗೆ ಚುಚ್ಚಿದರೆ ಮಾಸು ಅದರಲ್ಲಿ ಹೆಚ್ಚಿನ ಪಾಲನ್ನು ನಿಷ್ಕ್ರಿಯ ಮಾಡಿಬಿಡುತ್ತದೆ. ಈ ಇಂಜೆಕ್ಷನ್ನಿನಲ್ಲಿರುವ ಡೆಕ್ಸಾಮೆಥಾಸೋನ್ ಹಾಗೆ ಸುಲಭವಾಗಿ ಸಿಕ್ಕಿಬೀಳದೆ ಮಗುವನ್ನು ಮುಟ್ಟುತ್ತದೆ. ಒಂದು ಸಲಕ್ಕೆ 6 ಮಿಲಿಗ್ರಾಂ, ಅಂದರೆ ಸಾಮಾನ್ಯ ವಯಲ್‌ನಿಂದ ಒಂದೂವರೆ ಎಂಎಲ್. ಹನ್ನೆರಡು ಗಂಟೆಗೊಂದರಂತೆ ನಾಲ್ಕು. ಗರ್ಭಕ್ಕೆ 24ರಿಂದ 34 ವಾರದೊಳಗಾಗಿದ್ದರೆ, ದೊಡ್ಡಾಸ್ಪತ್ರೆಗೆ ಕಳಿಸುವ ಮುನ್ನ ಮೊದಲ ಡೋಸನ್ನು ಹಳ್ಳಿಯ ಸಿಸ್ಟರೇ ಕೊಡಬಹುದೆಂದು ಕೇಂದ್ರ ಸರ್ಕಾರ 2014ರಲ್ಲಿ ಹೇಳಿತು.

ಹಾಗೆಂದು ಇದನ್ನು ಸಂಜೀವಿನಿ ಎಂದು ಕೊಂಡಾಡುವವರ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣ ನಮ್ಮ ಬೆಳಗಾವಿಯಲ್ಲೇ ಇದೆ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರೂ ಸೇರಿದ್ದ ಆರು ದೇಶಗಳ ಅಧ್ಯಯನವೊಂದರಲ್ಲಿ ಹಳ್ಳಿಗಾಡಿನಲ್ಲಿ ಈ ಮದ್ದಿನ ಬಳಕೆ ಹೆಚ್ಚಿಸಿ ನೋಡಿದರು. 2015ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು: ತೀರಾ ಪುಟ್ಟ ಮಕ್ಕಳ ಸಾವು ಇಳಿದಿರಲಿಲ್ಲ, ಒಟ್ಟು ನವಜಾತ ಶಿಶುಗಳ ಸಾವು ಸಾವಿರಕ್ಕೆ ಮೂರೂವರೆಯಷ್ಟು ಏರಿತ್ತು. ಇಂಜೆಕ್ಷನ್ ಪಡೆದ ಬಹಳಷ್ಟು ತಾಯಂದಿರಿಗೆ ಹೆರಿಗೆ ಅಷ್ಟು ಬೇಗ ಆಗಲೇ ಇಲ್ಲ. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೊಸ ಪರೀಕ್ಷೆಗಿಳಿಯಿತು, ಬೆಳಗಾವಿಯೂ ಮತ್ತೆ ಸೇರಿತು. ಈ ಸಲ ಸ್ಕ್ಯಾನಿಂಗ್‌ನಲ್ಲಿ ವಾರ ಖಚಿತಪಡಿಸಿಕೊಂಡು, ಎಳೆಮಕ್ಕಳ ಆರೈಕೆ ಇರುವ ಆಸ್ಪತ್ರೆಗಳಲ್ಲಿ ಮಾತ್ರ, ಐದು ದೇಶಗಳ 2,852 ತಾಯಂದಿರಲ್ಲಿ. 2020ರ ಫಲಿತಾಂಶದಂತೆ ಮದ್ದಿಲ್ಲದ ಗುಂಪಿನಲ್ಲಿ ನೂರಕ್ಕೆ 23.5 ಮಕ್ಕಳು ತೀರಿಕೊಂಡರೆ ಮದ್ದು ಸಿಕ್ಕ ಗುಂಪಿನಲ್ಲಿ 19.6. ಮದ್ದು ಅದೇ; ಬದಲಾದದ್ದು ವಾರದ ಲೆಕ್ಕ ಮತ್ತು ಹುಟ್ಟಿದ ಮೇಲಿನ ಆರೈಕೆ.

"ಏಳು ತಿಂಗಳದ್ದು ಬದುಕುತ್ತೆ, ಎಂಟರದ್ದು ಉಳಿಯಲ್ಲ ಅಂತಾರಲ್ಲ ಸಾರ್?" ಎಂದರು ಅಂಗಡಿಯಾಕೆ. ಈ ಮಾತು ಪೂರಾ ಸುಳ್ಳು. ಹೊಟ್ಟೆಯೊಳಗೆ ಒಂದೊಂದು ದಿನ ಹೆಚ್ಚಿದಷ್ಟೂ ಶ್ವಾಸಕೋಶ ಬಲಿಯುತ್ತದೆ. ಈ ನಂಬಿಕೆಯಿಂದ ಎಂಟನೇ ತಿಂಗಳಲ್ಲೇ ಹೆತ್ತವಳ ಮನೆಯವರು ಕೈಚೆಲ್ಲಿ ಕೂರಬಾರದು.

ಅವರು ಮೊಬೈಲಿನಲ್ಲಿ ರೆಫರಲ್ ಚೀಟಿಯ ಫೋಟೋ ತೋರಿಸಿದರು. ಸಿಸ್ಟರ್ ಮದ್ದಿನ ಹೆಸರು ಬರೆದು ಪಕ್ಕದಲ್ಲಿ ಬೆಳಗ್ಗೆ 6.40 ಎಂದು ಗುರುತು ಹಾಕಿ ಎರಡು ಗೆರೆ ಎಳೆದಿದ್ದರು. ಎರಡನೆಯದು ಇವತ್ತು ಸಂಜೆ 6.40ಕ್ಕೆ, ಬೆಂಗಳೂರಿನಲ್ಲಿ. ಆಕೆ ಕೂಡಲೇ ಅಕ್ಕನಿಗೆ ಫೋನ್ ಹಚ್ಚಿದರು.