ತುಕ್ಕಿನಲ್ಲಿ ಬರೆದ ರಾಮಾಯಣ

ಕಮಠಾಣದ ಸೋದರಮಾವನ ಮನೆಯ ಅಟ್ಟದಿಂದ ಒಂದು ವಿಎಚ್‌ಎಸ್ ಕ್ಯಾಸೆಟ್ ಇಳಿಸಿದೆವು. ಮೇಲೆ ಬೆರಳು ದಪ್ಪ ಕೆಂಪು ಧೂಳು. ಬೀದರ್ ಸುತ್ತಿನ ನೆಲವೇ ಹಾಗೆ, ಜಂಬಿಟ್ಟಿಗೆಯ ನೆಲ. ಬೇಸಿಗೆಯಲ್ಲಿ ಗಾಳಿ ಎದ್ದರೆ ಮುಚ್ಚಿಟ್ಟ ಕಪಾಟಿನೊಳಗೂ ಕೆಂಪು ಪುಡಿ ಹೊಕ್ಕಿರುತ್ತದೆ. ಒರೆಸುತ್ತ ಕೂತಾಗ ನಗು ಬಂತು. ಆ ಧೂಳಿಗೆ ಬಣ್ಣ ಕೊಟ್ಟಿರುವುದು ಐರನ್ ಆಕ್ಸೈಡ್, ಒಳಗಿನ ಕಂದು ಟೇಪಿನ ಮೇಲೆ ಬಳಿದಿರುವುದೂ ಐರನ್ ಆಕ್ಸೈಡ್. ಹರಳಿನ ಜೋಡಣೆ ಬೇರೆ, ಟೇಪಿನದಕ್ಕೆ ಒಂದಿಷ್ಟು ಕೋಬಾಲ್ಟ್ ಸೇರಿಸಿರುತ್ತಾರೆ, ಅಷ್ಟೆ. ಕುಲ ಒಂದೇ: ತುಕ್ಕು.

ಲೇಬಲ್ಲಿನ ಮೇಲೆ ಬಾಲ್‌ಪೆನ್ನಿನಲ್ಲಿ ‘ರಾಮಾಯಣ, ಕಾರ್ಟೂನ್’ ಎಂದಿತ್ತು. ಕೇಬಲ್ ಟಿವಿಯಲ್ಲಿ ಬಂದಾಗ ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡದ್ದು. ಅದನ್ನು ಹುಡುಕುವ ಪ್ರಸಂಗ ಬಂದದ್ದು 2025ರ ಜನವರಿಯಲ್ಲಿ. ಆ ತಿಂಗಳ 24ರಂದು ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ 4ಕೆ ರೂಪದಲ್ಲಿ ಮತ್ತೆ ಥಿಯೇಟರಿಗೆ ಬಂತು. ನಮ್ಮ ಮನೆಯ ಹುಡುಗರು ಹೈದರಾಬಾದಿನಲ್ಲಿ ನೋಡಿಬಂದು ಎರಡು ಪಕ್ಷವಾದರು. ಒಬ್ಬ, ‘ಇಷ್ಟು ಚಂದ ಇತ್ತಂತ ಗೊತ್ತೇ ಇರಲಿಲ್ಲ’ ಅಂದ. ಇನ್ನೊಬ್ಬ ಒಪ್ಪಲಿಲ್ಲ: ‘ಬಣ್ಣಾನೇ ಬ್ಯಾರೆ ಆಗ್ಯಾದ. ನಾವು ನೋಡಿದ್ದು ಇದಲ್ಲ.’

ಜಪಾನಿನ ಕಾರ್ಟೂನು, ಅಂದರೆ ಅನಿಮೆಯ ಅಭಿಮಾನಿಗಳಿಗೆ ಈ ಜಗಳ ನಿತ್ಯದ್ದು. ಹಳೆಯ ಚಿತ್ರದ ಹೊಸ ಡಿಸ್ಕ್ ಬಂದರೆ ಸಾಕು, ಆಕಾಶ ಯಾಕೆ ಹಸಿರು, ಗೆರೆ ಯಾಕೆ ಸವೆದಿದೆ, ಗ್ರೇನ್ ಎಲ್ಲಿ ಹೋಯಿತು ಎಂದು ಫ್ರೇಮ್ ಫ್ರೇಮ್ ಹಿಡಿದು ವಾದಿಸುತ್ತಾರೆ. ಹೊರಗಿನವರಿಗೆ ಇದು ಕೆಲಸವಿಲ್ಲದವರ ಕಾರುಬಾರು ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಅವರು ಜಗಳ ಆಡುತ್ತಿರುವುದು ಪಕ್ಕಾ ಭೌತವಿಜ್ಞಾನ, ರಸಾಯನವಿಜ್ಞಾನದ ಮೇಲೆ. ನಮ್ಮ ಇಬ್ಬರು ಹುಡುಗರೂ ಹೇಳಿದ್ದು ನಿಜವೇ.

ಈ ಚಿತ್ರ ಅರ್ಧ ಜಪಾನಿನದು, ಅರ್ಧ ನಮ್ಮದು. ಜಪಾನಿನ ಯುಗೊ ಸಾಕೊ 1983ರಲ್ಲಿ ಪುರಾತತ್ವಜ್ಞ ಬಿ.ಬಿ. ಲಾಲ್ ಅವರ ಉತ್ಖನನದ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಇಲ್ಲಿಗೆ ಬಂದವರು. ರಾಮಾಯಣ ಓದಿದರು, ಬಿಡಲಾರದೆ ಹೋದರು. ಕೊಯಿಚಿ ಸಾಸಾಕಿ ಹಾಗೂ ನಮ್ಮ ರಾಮ್ ಮೋಹನ್ ಜೊತೆಗೂಡಿ ನಿರ್ದೇಶಿಸಿದ 135 ನಿಮಿಷದ ಚಿತ್ರ 1993ರಲ್ಲಿ ದೆಹಲಿಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಸಂಗೀತ ವನರಾಜ್ ಭಾಟಿಯಾ ಅವರದು. ಸುಮಾರು 450 ಕಲಾವಿದರು, ಹತ್ತಿರ ಹತ್ತಿರ ಒಂದು ಲಕ್ಷ ಸೆಲ್‌ಗಳು. ಸೆಲ್ ಅಂದರೆ ಪಾರದರ್ಶಕ ಹಾಳೆ. ಮುಂಬದಿಗೆ ಗೆರೆ, ಹಿಂಬದಿಗೆ ಬಣ್ಣ. ಅದನ್ನು ಹಿನ್ನೆಲೆಯ ಚಿತ್ರದ ಮೇಲಿಟ್ಟು ಮೇಲಿನಿಂದ ಕ್ಯಾಮೆರಾದಲ್ಲಿ ಒಂದೊಂದೇ ಫ್ರೇಮ್ ಸೆರೆಹಿಡಿಯಬೇಕು. 135 ನಿಮಿಷಕ್ಕೆ ಸೆಕೆಂಡಿಗೆ 24ರಂತೆ 1,94,400 ಫ್ರೇಮ್. ಒಂದೇ ಚಿತ್ರವನ್ನು ಎರಡು, ಮೂರು ಫ್ರೇಮ್ ನಿಲ್ಲಿಸುವುದು ಅನಿಮೆಯ ವಾಡಿಕೆಯಾದ್ದರಿಂದ ಕಲಾವಿದರ ಬೆರಳುಗಳು ಉಳಿದವು.

ಥಿಯೇಟರಿನಲ್ಲಿ ಓಡುವ ಆ 35 ಮಿ.ಮೀ. ಫಿಲ್ಮ್ ನಮ್ಮ ಕ್ಯಾಸೆಟ್ಟಿಗೆ ಬರುವಷ್ಟರಲ್ಲಿ ಏನೇನಾಗುತ್ತದೆ?

ಮೊದಲು ಕಾಲವೇ ಬದಲಾಗುತ್ತದೆ. ಫಿಲ್ಮ್ ಸೆಕೆಂಡಿಗೆ 24 ಫ್ರೇಮ್. ನಮ್ಮ ದೇಶದ ಆಗಿನ ಪಾಲ್ ಪದ್ಧತಿಯ ಟಿವಿ 25. ಆ ಒಂದರ ವ್ಯತ್ಯಾಸ ತುಂಬಲು ಹಳೆಯ ಸುಲಭೋಪಾಯವೆಂದರೆ ಫಿಲ್ಮನ್ನೇ ಚೂರು ಜೋರಾಗಿ ಓಡಿಸುವುದು. ಹಾಗೆ ಓಡಿಸಿದರೆ 135 ನಿಮಿಷದ ಚಿತ್ರ 130 ನಿಮಿಷದೊಳಗೇ ಮುಗಿಯುತ್ತದೆ. ಶ್ರುತಿಯೂ ಏರುತ್ತದೆ: ಷಡ್ಜದಿಂದ ಕೋಮಲ ರಿಷಭಕ್ಕೆ ಹೋಗುವ ದಾರಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು. ಕಿವಿ ಪಳಗಿದವರಿಗೆ ಗೊತ್ತಾಗುತ್ತದೆ. ಜಪಾನಿನಲ್ಲಿ ಬೇರೆ ಕಥೆ. ಅಲ್ಲಿನ ಎನ್‌ಟಿಎಸ್‌ಸಿ ಟಿವಿ ಸೆಕೆಂಡಿಗೆ ಹೆಚ್ಚು ಕಡಿಮೆ 30 ಫ್ರೇಮ್ ತೋರಿಸುತ್ತಿತ್ತು, ಆದ್ದರಿಂದ ಒಂದು ಫ್ರೇಮನ್ನು ಮೂರು ಸಲ, ಮುಂದಿನದನ್ನು ಎರಡು ಸಲ ಅರ್ಧರ್ಧವಾಗಿ ಉಣಿಸುತ್ತಿದ್ದರು. ಶ್ರುತಿ ಕೆಡುತ್ತಿರಲಿಲ್ಲ, ನಡಿಗೆ ಮಾತ್ರ ಕುಂಟುತ್ತಿತ್ತು.

ಆಮೇಲೆ ಬಣ್ಣ. ಕ್ಯಾಸೆಟ್ ಯಂತ್ರದೊಳಗೆ ಒಂದು ಉರುಳೆ ಸೆಕೆಂಡಿಗೆ 25 ಸುತ್ತು ತಿರುಗುತ್ತ, ಎದುರಿಗೆ ತೆವಳುವ ಅರ್ಧ ಇಂಚಿನ ಟೇಪಿನ ಮೇಲೆ ಓರೆ ಓರೆಯಾಗಿ ಗೀಟು ಎಳೆಯುತ್ತದೆ. ಒಂದೊಂದು ಗೀಟಿನ ಅಗಲ ಸುಮಾರು 49 ಮೈಕ್ರೋಮೀಟರ್, ತಲೆಗೂದಲಿಗಿಂತ ಸಣ್ಣದು. ಟೇಪು ತೆವಳುವುದು ಸೆಕೆಂಡಿಗೆ 2.3 ಸೆಂ.ಮೀ. ಮಾತ್ರ, ಉರುಳೆ ತಿರುಗುವುದರಿಂದ ಗೀಟು ಎಳೆಯುವ ವೇಗ ಸೆಕೆಂಡಿಗೆ ಸುಮಾರು ಐದು ಮೀಟರ್ ಆಗುತ್ತದೆ. 1976ರಲ್ಲಿ ಜೆವಿಸಿ ಕಂಪನಿ ಈ ವಿಎಚ್‌ಎಸ್ ಪದ್ಧತಿಯನ್ನು ಮನೆಮನೆಗೆ ತಂದಾಗ ಜಾಗ ಉಳಿಸಲು ಒಂದು ರಾಜಿ ಮಾಡಿಕೊಂಡಿತು. ಕಪ್ಪು ಬಿಳುಪಿನ ವಿವರಕ್ಕೆ ಹೆಚ್ಚು ಜಾಗ, ಬಣ್ಣಕ್ಕೆ ತೀರಾ ಕಡಿಮೆ. ಪರದೆಯ ಅಗಲದಲ್ಲಿ ಕಪ್ಪು ಬಿಳುಪಿನ ಸುಮಾರು 240 ಗೆರೆ ಬಿಡಿಬಿಡಿಯಾಗಿ ಕಂಡರೆ, ಬಣ್ಣದ್ದು 40ರ ಆಸುಪಾಸು.

ಮನುಷ್ಯರ ಮುಖ ತೋರಿಸುವ ಸಿನಿಮಾದಲ್ಲಿ ಈ ಮೋಸ ನಡೆಯುತ್ತದೆ. ನಮ್ಮ ಕಣ್ಣೂ ಬಣ್ಣಕ್ಕಿಂತ ಬೆಳಕು ನೆರಳನ್ನೇ ಚುರುಕಾಗಿ ಹಿಡಿಯುವಂಥದ್ದು. ಕಾರ್ಟೂನಿನಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಕಪ್ಪು ಗೆರೆಯೊಳಗೆ ಅಚ್ಚುಕಟ್ಟಾಗಿ ತುಂಬಿದ ಕೆಂಪು, ಮಕ್ಕಳು ಬಣ್ಣ ತುಂಬಿದಂತೆ ಗೆರೆ ದಾಟಿ ಪಕ್ಕಕ್ಕೆ ಹರಿಯುತ್ತದೆ. ನಮ್ಮ ಹುಡುಗ ನೆನಪಿಟ್ಟುಕೊಂಡದ್ದು ಆ ಹರಿದ ಬಣ್ಣವನ್ನು. ಅವನ ಮಟ್ಟಿಗೆ ಅದೇ ಮೂಲ.

ನಂತರ ವಿಸಿಡಿ ಬಂತು. ಬೀದರ್, ಭಾಲ್ಕಿ, ಔರಾದ್ ಕಡೆಯವರಿಗೆ ಸಿನಿಮಾದ ಪೇಟೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಹಿಂದಿ, ತೆಲುಗು, ಕನ್ನಡ, ಮರಾಠಿ ಎಲ್ಲ ಡಿಸ್ಕೂ ಒಂದೇ ಡಬ್ಬಿಯಲ್ಲಿ. ಮೋಸರ್ ಬೇಯರ್ ಕಂಪನಿ 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಮಾರತೊಡಗಿದಾಗ ಬಾಡಿಗೆ ಅಂಗಡಿಗಳ ಲೆಕ್ಕವೇ ತಲೆಕೆಳಗಾಯಿತು. ವಿಸಿಡಿಯ ಒಂದು ಚಿತ್ರದಲ್ಲಿ 352 ಅಡ್ಡ, 288 ಉದ್ದ, ಅಂದರೆ ಸುಮಾರು ಒಂದು ಲಕ್ಷ ಚುಕ್ಕಿ. ಇಂದಿನ ಮನೆಯ 4ಕೆ ಪರದೆಯಲ್ಲಿ 83 ಲಕ್ಷ. ಅಷ್ಟು ಕಡಿಮೆ ಚುಕ್ಕಿಯೂ ಡಿಸ್ಕಿನಲ್ಲಿ ಹಾಗೇ ಹಿಡಿಸುವುದಿಲ್ಲ. ಮಾಹಿತಿಯನ್ನು ಸುಮಾರು 26ರಲ್ಲಿ ಒಂದು ಪಾಲಿಗೆ ಹಿಂಡಬೇಕು.

ಹಿಂಡುವ ಬಗೆಯನ್ನು ನಮ್ಮ ಕಡೆಯ ಕೌದಿ ನೋಡಿದವರಿಗೆ ಹೇಳುವುದು ಸುಲಭ. ಚಿತ್ರವನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ತುಂಡುಗಳಾಗಿ ಕತ್ತರಿಸುತ್ತಾರೆ. ಒಂದೊಂದು ತುಂಡನ್ನೂ ಅಲೆಗಳ ಮೊತ್ತವಾಗಿ ಬರೆಯುತ್ತಾರೆ: ದೊಡ್ಡ ಅಲೆ ಇಷ್ಟು, ಸಣ್ಣ ಅಲೆ ಇಷ್ಟು. ಕಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ಅಲೆಗಳನ್ನು ಎಸೆದುಬಿಟ್ಟರೆ ಗಂಟು ಹಗುರವಾಗುತ್ತದೆ. ಮೋಡ, ಕೆನ್ನೆ, ಸೀರೆಯ ಮಡಿಕೆಗೆ ಇದು ಸರಿ. ಆದರೆ ಕಾರ್ಟೂನಿನ ಗೆರೆಯೆಂದರೆ ಬಿಳಿಯಿಂದ ಕಪ್ಪಿಗೆ ಒಂದೇ ಜಿಗಿತ. ಆ ಜಿಗಿತವನ್ನು ಬರೆಯಲು ಸಣ್ಣ ದೊಡ್ಡ ಎಲ್ಲ ಅಲೆಯೂ ಬೇಕು. ಸಣ್ಣವನ್ನು ಎಸೆದ ತಕ್ಷಣ ಗೆರೆಯ ಅಕ್ಕಪಕ್ಕ ಗುಂಯ್‌ಗುಡುವ ಕಲೆಗಳು ಏಳುತ್ತವೆ. ತಂತ್ರಜ್ಞರು ಇದಕ್ಕಿಟ್ಟ ಹೆಸರೇ ಸೊಳ್ಳೆ ಗದ್ದಲ. ಸಂಜೆ ಹೊತ್ತು ಎಮ್ಮೆಯ ಕೊಟ್ಟಿಗೆಗೆ ಹೋದವರಿಗೆ ಬೇರೆ ವಿವರಣೆ ಬೇಡ. ಡಿವಿಡಿಯಲ್ಲಿ ಸೊಳ್ಳೆ ಕಡಿಮೆಯಾಯಿತು, ಬ್ಲೂ-ರೇಯಲ್ಲಿ ಹೆಚ್ಚು ಕಡಿಮೆ ಮಾಯವಾಯಿತು. ಸಿಡಿಯನ್ನು ಓದುವ ಲೇಸರ್ ಬೆಳಕಿನ ಅಲೆ 780 ನ್ಯಾನೋಮೀಟರ್, ಡಿವಿಡಿಯದು 650, ಬ್ಲೂ-ರೇಯದು 405. ಅಲೆ ಸಣ್ಣದಾದಷ್ಟೂ ಅದೇ ತಟ್ಟೆಯಲ್ಲಿ ಮಾಹಿತಿ ಬರೆಯುವ ಗುಳಿ ಹೆಚ್ಚು, ಅಷ್ಟು ಹಿಂಡಬೇಕಿಲ್ಲ.

ಅಲ್ಲಿಂದ ಮುಂದೆ ಅಭಿಮಾನಿಗಳ ಅಸಲಿ ಯುದ್ಧ ಶುರು: ಗ್ರೇನ್. ಫಿಲ್ಮಿನಲ್ಲಿ ಬಣ್ಣ ಕೂತಿರುವುದು ಅಡ್ಡಾದಿಡ್ಡಿ ಕಣಗಳಲ್ಲಿ. ಒಂದು ಫ್ರೇಮಿನಲ್ಲಿದ್ದ ಕಣ ಮುಂದಿನ ಫ್ರೇಮಿನಲ್ಲಿ ಅದೇ ಜಾಗದಲ್ಲಿರುವುದಿಲ್ಲ. ಕಾರ್ಟೂನಿನಲ್ಲಿ ಹಿನ್ನೆಲೆ ಎಷ್ಟೋ ಹೊತ್ತು ಅಲುಗುವುದೇ ಇಲ್ಲ. ಆಗ ಪರದೆಯ ಮೇಲೆ ಜೀವವಿದ್ದಂತೆ ಮಿಡಿಯುವುದು ಈ ಗ್ರೇನ್ ಒಂದೇ. ಡಿಸ್ಕ್ ಮಾಡುವವರು ಅದನ್ನು ಕೊಳೆಯೆಂದು ತಿಳಿದು ಕಂಪ್ಯೂಟರಿಗೆ ಒರೆಸಲು ಹೇಳುತ್ತಾರೆ. ಕಂಪ್ಯೂಟರ್ ಅಕ್ಕಪಕ್ಕದ ಫ್ರೇಮುಗಳನ್ನು ಹೋಲಿಸಿ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದನ್ನೆಲ್ಲ ಅಳಿಸುತ್ತದೆ. ಗ್ರೇನ್ ಹೋಯಿತು, ಸರಿ. ಬಿಲ್ಲಿನಿಂದ ಹಾರಿದ ಬಾಣದ ಸಣ್ಣ ಗೆರೆಯೂ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದೇ ತಾನೆ? ಅದೂ ಹೋಯಿತು. ಉಳಿಯುವುದು ಮೇಣದ ಗೊಂಬೆ. ನಾನು ಇಲ್ಲಿ ಪೂರ್ತಿ ಅಭಿಮಾನಿಗಳ ಕಡೆ. ಒರೆಸಿದ್ದನ್ನು ಮತ್ತೆ ತರಲಾಗದು. ಒರೆಸದೆ ಬಿಟ್ಟರೆ ಬೇಡವಾದವರು ತಮ್ಮ ಟಿವಿಯಲ್ಲೇ ಒರೆಸಿಕೊಳ್ಳಬಹುದು.

ಬಣ್ಣದ ಜಗಳದಲ್ಲಿ ಮಾತ್ರ ತೀರ್ಪು ಅಷ್ಟು ಸಲೀಸಲ್ಲ. ಜಪಾನಿನ ನಿರ್ದೇಶಕ ಮಿಯಾಝಾಕಿಯ ಅನಿಮೆ ‘ಸ್ಪಿರಿಟೆಡ್ ಅವೇ’ 2001ರದು. 2002ರಲ್ಲಿ ಜಪಾನಿನಲ್ಲಿ ಅದರ ಡಿವಿಡಿ ಬಂದಾಗ ಇಡೀ ಚಿತ್ರಕ್ಕೆ ಕೆಂಪು ಛಾಯೆ ಬಳಿದಂತಿತ್ತು. ಕೊಂಡವರು ದೂರಿದರು, ಕೆಲವರು ಕೋರ್ಟಿಗೂ ಹೋದರು. ಬೇಕೆಂದೇ ಹೀಗೆ ಹೊಂದಿಸಿದ್ದೇವೆ ಎಂಬುದು ತಯಾರಕರ ಉತ್ತರ. 2014ರ ಬ್ಲೂ-ರೇಯಲ್ಲಿ ಆ ಕೆಂಪಿಲ್ಲ. ಇದರ ಹಿಂದೊಂದು ಪ್ರಶ್ನೆ ಇದೆ: ಬಿಳಿ ಎಂದರೆ ಯಾವ ಬಿಳಿ? ಜಪಾನಿನ ಟಿವಿಗಳ ವಾಡಿಕೆಯ ಬಿಳಿ 9300 ಕೆಲ್ವಿನ್, ಅಂದರೆ ನೀಲಿ ಸೇರಿದ್ದು, ನೀಲಿ ಹಾಕಿ ಒಗೆದ ಧೋತರದಂತೆ. ಥಿಯೇಟರಿನ ದೀಪದ ಬಿಳಿ ಅದಕ್ಕಿಂತ ಬೆಚ್ಚಗಿನದು. ಒಂದಕ್ಕೆ ಹೊಂದಿಸಿದ್ದು ಇನ್ನೊಂದರಲ್ಲಿ ಕೆಂಪಗೋ ನೀಲಿಗೋ ಕಾಣಲೇಬೇಕು. ನಿಮ್ಮ ಮನೆಯ ಟಿವಿಯ ಸೆಟ್ಟಿಂಗಿನಲ್ಲಿ ‘ಕೂಲ್’, ‘ವಾರ್ಮ್’ ಎಂದಿರುತ್ತದಲ್ಲ, ಅದು ಇದೇ ಪ್ರಶ್ನೆ.

ಕೆಂಪಾಗಲು ಇನ್ನೊಂದು ಕಾರಣ ಕ್ರೂರವಾದದ್ದು. ಬಣ್ಣದ ಫಿಲ್ಮಿನಲ್ಲಿ ಮೂರು ಪದರ ವರ್ಣದ್ರವ್ಯ: ಹಳದಿ, ಮೆಜೆಂಟಾ, ಸಯಾನ್. ಹಳೆಯ ಪ್ರಿಂಟುಗಳಲ್ಲಿ, ಕತ್ತಲೆಯಲ್ಲಿಟ್ಟರೂ, ಸಯಾನ್ ಬೇಗ ಸಾಯುತ್ತದೆ. ಉಳಿದದ್ದು ಸೇರಿ ಎಲ್ಲ ಗುಲಾಬಿ. 1980ರ ದಶಕದ ಆರಂಭದಲ್ಲಿ ಹೆಚ್ಚು ಬಾಳುವ ಪ್ರಿಂಟ್ ಫಿಲ್ಮ್ ಬರುವ ಮುಂಚಿನ ಯಾವುದೇ ಭಾಷೆಯ ಬಣ್ಣದ ಸಿನಿಮಾದ ಹಳೆಯ ಪ್ರಿಂಟ್ ನೋಡಿ, ಹೆಚ್ಚಾಗಿ ಕಾಡೂ ಗುಲಾಬಿ, ಕಡಲೂ ಗುಲಾಬಿ.

ಇಲ್ಲಿ ಬೀದರಿನವನಾಗಿ ನನಗೆ ಬಿದರಿ ನೆನಪಾಗದೆ ಇರದು. ಸತುವಿಗೆ ಕೊಂಚ ತಾಮ್ರ ಬೆರೆಸಿ ಎರಕ ಹೊಯ್ದು, ಮೈ ಕೊರೆದು ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕದಡಿದ ನೀರಿನಲ್ಲಿ ಅದ್ದುತ್ತಾರೆ. ಎರಕ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಉಳಿಯುತ್ತದೆ. ಕಪ್ಪು ಬಿಳುಪಿನ ಫಿಲ್ಮಿನಲ್ಲೂ ಚಿತ್ರ ಬರೆಯುವುದು ಬೆಳ್ಳಿಯೇ, ಆದರೆ ತಿರುಗುಮುರುಗು: ಅಲ್ಲಿ ಕಪ್ಪಾಗಿ ಕಾಣುವುದೇ ಬೆಳ್ಳಿ, ಅಷ್ಟು ನವಿರಾದ ಎಳೆಗಳಾಗಿ ಅದು ಬೆಳಕನ್ನು ನುಂಗುತ್ತದೆ. ಬಣ್ಣದ ಫಿಲ್ಮಿನಲ್ಲಿ ತೊಳೆಯುವಾಗ ಬೆಳ್ಳಿಯನ್ನು ತೆಗೆದುಬಿಟ್ಟು ವರ್ಣದ್ರವ್ಯವನ್ನಷ್ಟೇ ಉಳಿಸುತ್ತಾರೆ. ಡಿಸ್ನಿಯವರು 1937ರ ‘ಸ್ನೋ ವೈಟ್’ ಕಾಲದಲ್ಲಿ ಜಾಣತನ ಮಾಡಿದ್ದರು. ಕಾರ್ಟೂನಿನ ಚಿತ್ರ ಕ್ಯಾಮೆರಾದ ಮುಂದೆ ಅಲುಗುವುದಿಲ್ಲವಲ್ಲ. ಒಂದೊಂದು ಚಿತ್ರವನ್ನೂ ಕೆಂಪು, ಹಸಿರು, ನೀಲಿ ಗಾಜಿನ ಮೂಲಕ ಮೂರು ಸಲ ಕಪ್ಪು ಬಿಳುಪು ಫಿಲ್ಮಿನಲ್ಲಿ ಹಿಡಿದರು. ಬಣ್ಣವನ್ನು ಬೆಳ್ಳಿಯಲ್ಲಿ ಬರೆದಿಟ್ಟಂತಾಯಿತು. ಮಾಸಲು ಅಲ್ಲಿ ವರ್ಣದ್ರವ್ಯವೇ ಇಲ್ಲ.

ನಮ್ಮಲ್ಲಿ ಬೆಳ್ಳಿಯ ಆಸೆಗೆ ಹಳೆಯ ಫಿಲ್ಮ್ ಕರಗಿಸಿದವರೂ ಇದ್ದರು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ದ ಪ್ರಿಂಟು ಇಂದು ಇಲ್ಲ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಬೆಳ್ಳಿಯಲ್ಲೇ ಬರೆದ ಚಿತ್ರ, ಕಪ್ಪು ಬಿಳುಪು. ಅದರ ನೆಗೆಟಿವ್ ಪುಣೆಯ ಚಿತ್ರ ಭಂಡಾರದಲ್ಲಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಕೈಗೂಡಿ ಇಟಲಿಯ ಬೊಲೋನ್ಯಾದ ಪ್ರಯೋಗಾಲಯದಲ್ಲಿ 4ಕೆಗೆ ಮರುಜೀವ ಕೊಡಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಇದಕ್ಕೆ ತದ್ವಿರುದ್ಧ ದಾರಿ 1971ರ ‘ಕಸ್ತೂರಿ ನಿವಾಸ’ದ್ದು: 2014ರಲ್ಲಿ ಅದಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿದರು. ಜನ ಖುಷಿಯಿಂದ ನೋಡಿದರು, ನಾನೂ ನೋಡಿದೆ. ಆದರೆ ಅಂಗಿಯ ಬಣ್ಣ ಯಾವುದೆಂದು ಆ ಬೆಳ್ಳಿಗೆ ಗೊತ್ತಿರಲಿಲ್ಲ, ಯಾರೋ ಊಹಿಸಿದ್ದು.

ಇತ್ತ ನಮ್ಮ ತುಕ್ಕಿನ ರಾಮಾಯಣಕ್ಕೆ ಬೂಷ್ಟು ಹಿಡಿದಿದೆ. ಮಳೆಗಾಲದ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಹತ್ತಿಯಂತೆ ಶಿಲೀಂಧ್ರ. ಆಕ್ಸೈಡನ್ನು ಅಂಟಿಸಿದ ಗೋಂದೂ ನೀರು ಕುಡಿದು ಮೆತ್ತಗಾಗುತ್ತದೆ. ಹಾಗೇ ಹಾಕಿ ಓಡಿಸಿದರೆ ಉರುಳೆಗೆ ಮೆತ್ತಿ, ಮುಂದೆ ಹಾಕುವ ಕ್ಯಾಸೆಟ್ಟಿಗೂ ಸೋಂಕು ಹರಡುತ್ತದೆ. 4ಕೆ ಇರುವಾಗ ಇದನ್ನು ಉಳಿಸುವ ಉಸಾಬರಿ ಯಾಕೆ ಎಂದು ಮೊದಲ ಹುಡುಗ ಕೇಳಿದ. ಎರಡನೆಯವನ ಬಳಿ ಉತ್ತರವಿತ್ತು: 2025ರಲ್ಲಿ ಹಿಂದಿಗೆ ಹೊಸದಾಗಿ ಡಬ್ ಮಾಡಿದರು. ಅರುಣ್ ಗೋವಿಲ್ ರಾಮನಾಗಿ, ಅಮರೀಶ್ ಪುರಿ ರಾವಣನಾಗಿ ಮಾತಾಡಿದ್ದು ಹಳೆಯದರಲ್ಲಿ. ಈ ಕ್ಯಾಸೆಟ್ಟಿನ ಬಣ್ಣ ಕೆಟ್ಟಿರಬಹುದು, ದನಿ ಇರುವುದು ಬೇರೆ ಜಾಗದಲ್ಲಿ, ಟೇಪಿನ ಮೇಲಂಚಿನ ಒಂದು ಮಿ.ಮೀ. ಪಟ್ಟಿಯಲ್ಲಿ. ಶಿಲೀಂಧ್ರ ಮೊದಲು ಮುಟ್ಟುವುದೂ ಅಂಚನ್ನೇ.

ಹತ್ತಿಬಟ್ಟೆಯಿಂದ ಒಣಗಿಸಿ ಒರೆಸುವ ಕೆಲಸ ನಡೆದಿದೆ. ಕೊನೆಯ ತಯಾರಕ, ಜಪಾನಿನ ಫುನಾಯ್, 2016ರ ಜುಲೈನಲ್ಲೇ ವಿಸಿಆರ್ ಮಾಡುವುದನ್ನು ನಿಲ್ಲಿಸಿದೆ. ಔರಾದ್ ಕಡೆಯ ನೆಂಟರ ಮನೆಯಲ್ಲಿ ಒಂದು ಸಿಕ್ಕಿದೆ. ಮೋಟರ್ ತಿರುಗುತ್ತದೆ, ರಬ್ಬರ್ ಬೆಲ್ಟ್ ಜಿಗುಟಾಗಿ ಡಾಂಬರಿನಂತೆ ಕೈಗೆ ಅಂಟಿತು. ಬೆಲ್ಟ್ ಹೈದರಾಬಾದಿನಿಂದ ಬರಬೇಕು.