ಸೋತಷ್ಟೂ ಮಾತು ಸಿಗುವ ದ್ವೀಪ

ಸಮುದ್ರದ ತಳದಲ್ಲಿ ಒಬ್ಬ ಹುಡುಗ ನಿಂತಿದ್ದಾನೆ. ಮೈಗೆ ಹಗ್ಗ ಬಿಗಿದಿದೆ, ಹಗ್ಗದ ಆಚೆ ತುದಿಗೆ ಹಲವು ಕೈಗಳ ಭಾರೀ ವಿಗ್ರಹ. ಊರ ಕಾಯಬೇಕಾದ ಶೆರೀಫನೇ ಅವನನ್ನು ಹೀಗೆ ಕಟ್ಟಿ ದಕ್ಕೆಯ ಮೇಲಿಂದ ನೀರಿಗೆ ತಳ್ಳಿದ್ದಾನೆ. ಸುತ್ತ ಮರಳಿನ ಮೇಲೆ ಕತ್ತಿ, ಕತ್ತರಿ, ಹಗ್ಗ ಕೊಯ್ಯಬಲ್ಲ ಹರಿತವಾದ ವಸ್ತುಗಳ ಸಂತೆಯೇ ಬಿದ್ದಿದೆ. ಆದರೆ ಒಂದೂ ಕೈಗೆ ಎಟುಕುತ್ತಿಲ್ಲ! ಹುಡುಗನ ಬಳಿ ಇರುವುದು ಒಂದೇ ವಿದ್ಯೆ: ಹತ್ತು ನಿಮಿಷ ಉಸಿರು ಕಟ್ಟಿರಬಲ್ಲೆ ಎಂದು ಕಂಡಕಂಡವರ ಮುಂದೆ ಹೇಳಿಕೊಂಡಿದ್ದಾನೆ.

ಮುದನಾಳದ ನಮ್ಮ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ಅಣ್ಣನ ಮಗ ಮೌಸ್ ಹಿಡಿದು ಒದ್ದಾಡುತ್ತಿದ್ದ. "ಕಾಕಾ, ಆ ಕತ್ತಿ ಒಂದ್ ಸಿಕ್ಕಿದ್ರ ಸಾಕಿತ್ತು ನೋಡು!" ಕತ್ತಿ ಒತ್ತಿದ, ಆಗಲಿಲ್ಲ. ಕತ್ತರಿ ಒತ್ತಿದ, ಆಗಲಿಲ್ಲ. "ನೀ ಹೇಳು ಕಾಕಾ." ನಾನು ಬಾಯಿ ಬಿಡಲಿಲ್ಲ. ಅವನು ಹರಿತವಾದದ್ದನ್ನೆಲ್ಲ ಒತ್ತಿ ಒತ್ತಿ ಬೇಸತ್ತು, ಕೊನೆಗೆ ಬೇರೇನೂ ಉಳಿಯದೆ 'ಎತ್ತಿಕೊ' ಎಂಬ ಕ್ರಿಯಾಪದವನ್ನು ಒತ್ತಿ ಆ ವಿಗ್ರಹವನ್ನೇ ಒತ್ತಿದ. ಹುಡುಗ ಬಗ್ಗಿದ, ವಿಗ್ರಹವನ್ನು ಎತ್ತಿ ಬಟ್ಟೆಯೊಳಗೆ ಸೇರಿಸಿಕೊಂಡ, ನೀರಿನಿಂದ ಮೇಲಕ್ಕೆ ನಡೆದೇ ಹೋದ. "ಕಾಕಾ! ಮೂರ್ತಿನೇ ಎತ್ಗೊಂಡು ಹೊಂಟಾನಲ್ಲೋ!" ಎಂದು ಅವನು ಕೂಗಿದ ಕೂಗಿಗೆ ಅಡುಗೆಮನೆಯಿಂದ ಅವರವ್ವ ಓಡಿ ಬಂದರು.

ಎಂಥ ಜಾಣ್ಮೆ! ಪರದೆಯ ತುಂಬ ಉತ್ತರದಂತೆ ಕಾಣುವ ವಸ್ತುಗಳನ್ನೇ ಹರಡಿ, ನಿಜವಾದ ಉತ್ತರವನ್ನು ಕಣ್ಣೆದುರೇ ಇಟ್ಟ ಆಟ ಇದು. ಶಹಾಪುರದ ಬೆಟ್ಟಸಾಲನ್ನು ಬಂಡೆಗಳೆಂದೇ ನೋಡುತ್ತ ಹೋಗುವವನಿಗೆ ರಸ್ತೆಯ ಒಂದು ತಿರುವಿನಲ್ಲಿ ಹಣೆ, ಮೂಗು, ತುಟಿ, ಎದೆ ಎಲ್ಲ ಕೂಡಿಕೊಂಡು ಮಲಗಿದ ಬುದ್ಧ ಥಟ್ಟನೆ ಕಾಣಿಸುತ್ತಾನಲ್ಲ, ಹಾಗೆ. ಬಂಡೆ ಸರಿದಿರುವುದಿಲ್ಲ, ನೋಟ ಸರಿದಿರುತ್ತದೆ.

ಈ ಆಟದ ಹೆಸರು 'ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್'. 1990ರಲ್ಲಿ ಅಮೆರಿಕದ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಹೊರತಂದದ್ದು. 'ಸ್ಟಾರ್ ವಾರ್ಸ್' ಸಿನಿಮಾದ ಜಾರ್ಜ್ ಲ್ಯೂಕಾಸ್ ಅವರದೇ ಕಂಪನಿಯ ಆಟದ ವಿಭಾಗ ಅದು. ಕಲ್ಪನೆ ರಾನ್ ಗಿಲ್ಬರ್ಟ್ ಅವರದು. ಜೊತೆಗೆ ಬರೆದವರು ಟಿಮ್ ಶೇಫರ್ ಮತ್ತು ಡೇವ್ ಗ್ರಾಸ್‌ಮನ್ ಎಂಬ ಇಬ್ಬರು ಹುರುಪಿನ ಯುವಕರು. ನಾಯಕ ಗೈಬ್ರಶ್ ಥ್ರೀಪ್‌ವುಡ್. ಅವನಿಗೆ ಕಡಲ್ಗಳ್ಳನಾಗುವ ಆಸೆ, ಅಷ್ಟೇ. ಅದಕ್ಕೆ ಮೂರು ಪರೀಕ್ಷೆ: ಕತ್ತಿವರಸೆ ಗೆಲ್ಲಬೇಕು, ಕಳ್ಳತನದಲ್ಲಿ ಪಳಗಬೇಕು, ನಿಧಿ ಹುಡುಕಬೇಕು. ಆಗಿನ ಗುಲಬರ್ಗಾದ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ, ಪಾಠ ಮುಗಿದ ಮೇಲೆ ಸಿಗುತ್ತಿದ್ದ ಚೂರುಪಾರು ಸಮಯದಲ್ಲಿ ನಾನು ಇದನ್ನು ಮೊದಲು ಕಂಡದ್ದು. ಈಗ ಮತ್ತೆ ತೆರೆದಿದ್ದೇನೆ. ಆಗ ನಗಿಸಿದ್ದೆಲ್ಲ ಈಗಲೂ ನಗಿಸುತ್ತಿದೆ, ಆದರೆ ಆ ನಗುವಿನ ಕೆಳಗೆ ಇಂಥ ಕಟ್ಟಡ ಇದೆ ಎಂದು ಆಗ ಕಂಡಿರಲೇ ಇಲ್ಲ!

ಮೊದಲು ಕಣ್ಣಿಗೆ ಬೀಳುವುದು ಸಾವಿಲ್ಲದಿರುವುದು. ಈ ಆಟಕ್ಕೂ ಹಿಂದಿನ ಎಷ್ಟೋ ಸಾಹಸದ ಆಟಗಳಲ್ಲಿ ಹೆಜ್ಜೆಹೆಜ್ಜೆಗೆ ಸಾವು. 1984ರಲ್ಲಿ ರೊಬರ್ಟಾ ವಿಲಿಯಮ್ಸ್ ರೂಪಿಸಿದ 'ಕಿಂಗ್ಸ್ ಕ್ವೆಸ್ಟ್' ಚೆಂದದ ಆಟವೇ, ಆದರೆ ಮೆಟ್ಟಿಲ ಅಂಚಿಗೆ ಕಾಲಿಟ್ಟರೆ ಮುಗಿಯಿತು. ಮೊದಲಲ್ಲೇ ಎತ್ತಿಕೊಳ್ಳಬೇಕಿದ್ದ ವಸ್ತು ಬಿಟ್ಟಿದ್ದರೆ ಎಷ್ಟೋ ಹೊತ್ತಿನ ಮೇಲೆ, ಮುಂದೆ ಹೋಗಲು ದಾರಿಯೇ ಇಲ್ಲವೆಂದು ತಿಳಿಯುತ್ತಿದ್ದ ಆಟಗಳೂ ಇದ್ದವು. ಗಿಲ್ಬರ್ಟ್‌ಗೆ ಇದನ್ನು ಸಹಿಸಲಾಗಲಿಲ್ಲ. 1989ರಲ್ಲಿ ಅವರು ಸಾಹಸದ ಆಟಗಳು ಯಾಕೆ ಹಾಳಾಗಿವೆ ಎಂಬ ಲೇಖನವನ್ನೇ ಬರೆದರು. ಆಡುವವನಿಗೆ ಗುರಿ ಗೊತ್ತಿರಬೇಕು, ಒಗಟು ಬಿಡಿಸಿದರೆ ಕತೆ ಮುಂದಕ್ಕೆ ಸರಿಯಬೇಕು, ಸಾಯಿಸಿ ಸಾಯಿಸಿ ಕಲಿಸಬಾರದು. ಮಾರನೇ ವರ್ಷ ಮಂಕಿ ಐಲೆಂಡ್ ಬಂತು, ಬರೆದದ್ದನ್ನೆಲ್ಲ ಮಾಡಿ ತೋರಿಸಿತು. ಆಟದಲ್ಲಿ ಗೈಬ್ರಶ್ ಸಾಯಲು ಇರುವುದು ಒಂದೇ ದಾರಿ: ಆ ಸಮುದ್ರದ ತಳದಲ್ಲಿ ನಿಜಕ್ಕೂ ಹತ್ತು ನಿಮಿಷ ಸುಮ್ಮನೆ ನಿಲ್ಲಬೇಕು! ಹಾಗೆ ನಿಂತರೆ ಅವನು ಮುಳುಗುತ್ತಾನೆ, ಪರದೆಯ ಕೆಳಗಿದ್ದ ಕ್ರಿಯಾಪದಗಳೂ ಬದಲಾಗುತ್ತವೆ: ತೇಲು, ಊದಿಕೊ, ಕೊಳೆ. ಜೊತೆಗೆ ಸುಳಿವಿನ ಪುಸ್ತಕ ತರಿಸಿಕೊಳ್ಳಿ ಎಂಬ ಸಲಹೆ ಬೇರೆ. ಹತ್ತು ನಿಮಿಷದ ಜಂಬವನ್ನು ಗಡಿಯಾರ ಹಿಡಿದು ಪರೀಕ್ಷಿಸುವ ಒಬ್ಬನಾದರೂ ಇದ್ದೇ ಇರುತ್ತಾನೆಂದು ನಂಬಿ ಇಷ್ಟೆಲ್ಲ ಬರೆದಿಟ್ಟರಲ್ಲ!

ಕ್ರಿಯಾಪದಗಳ ಮಾತು ಬಂತು. ಮೊದಮೊದಲಿನ ಸಾಹಸದ ಆಟಗಳಲ್ಲಿ ಆಜ್ಞೆಯನ್ನು ಕೀಬೋರ್ಡಿನಲ್ಲಿ ಟೈಪ್ ಮಾಡಬೇಕಿತ್ತು. ಆಟ ಯಾವ ಪದ ಬಲ್ಲದು, ಯಾವುದನ್ನು ಅರಿಯದು ಎಂದು ಊಹಿಸುವುದರಲ್ಲೇ ಅರ್ಧ ಹೊತ್ತು ಕಳೆಯುತ್ತಿತ್ತು. ಗಿಲ್ಬರ್ಟ್ 1987ರ 'ಮ್ಯಾನಿಯಾಕ್ ಮ್ಯಾನ್ಷನ್' ಆಟದಲ್ಲಿ ಪದಗಳನ್ನೆಲ್ಲ ಪರದೆಯ ಕೆಳಗೇ ಬರೆದಿಟ್ಟರು. ಮಂಕಿ ಐಲೆಂಡ್‌ನ ನಂತರದ ಆವೃತ್ತಿಯಲ್ಲಿ ಉಳಿದದ್ದು ಒಂಬತ್ತೇ: ಕೊಡು, ಎತ್ತಿಕೊ, ಬಳಸು, ತೆರೆ, ಮುಚ್ಚು, ನೋಡು, ಮಾತಾಡು, ತಳ್ಳು, ಎಳೆ. ಒಂದು ಇಡೀ ದ್ವೀಪವನ್ನು ನಡೆಸಲು ಇಷ್ಟು ಸಾಕು!

ಇಷ್ಟರಲ್ಲೇ ಏನೆಲ್ಲ ಆಗುತ್ತದೆ ನೋಡಿ. ಹೆಂಡದಂಗಡಿಯಲ್ಲಿ ಗ್ರಾಗ್ ಎಂಬ ಭಯಂಕರ ಮದ್ಯ ಸಿಗುತ್ತದೆ. ಅದು ಎಷ್ಟು ಖಾರವೆಂದರೆ ತುಂಬಿದ ಲೋಟವನ್ನೇ ಕರಗಿಸಿ ತೂತು ಮಾಡುತ್ತದೆ. ಊರ ಜೈಲಿನಲ್ಲಿ ಓಟಿಸ್ ಎಂಬ ಕೈದಿ ಇದ್ದಾನೆ, ಅವನ ಕೋಣೆಗೆ ಕಬ್ಬಿಣದ ಬೀಗ. ಲೋಟ ತಿನ್ನುವುದು ಬೀಗವನ್ನು ತಿನ್ನದೇ ಇದ್ದೀತೇ? ಹೊಳೆಯಿತು, ಸರಿ. ಆದರೆ ಹೆಂಡದಂಗಡಿಯಿಂದ ಜೈಲಿನ ತನಕ ಒಯ್ಯುವುದು ಹೇಗೆ? ಖಾಲಿ ಲೋಟಗಳನ್ನು ಜೋಳಿಗೆಗೆ ಸೇರಿಸಿಕೊಳ್ಳಬೇಕು, ಒಂದರಲ್ಲಿ ಗ್ರಾಗ್ ತುಂಬಿಕೊಂಡು ಹೊರಡಬೇಕು, ಆ ಲೋಟ ಕರಗಿ ಹೋಗುವ ಮೊದಲೇ ಇನ್ನೊಂದಕ್ಕೆ ಸುರಿಯಬೇಕು, ನಡೆಯಬೇಕು, ಮತ್ತೆ ಸುರಿಯಬೇಕು! ನಿಂತು ನಿಂತು ಆಡುವ ಆಟ ಇದ್ದಕ್ಕಿದ್ದಂತೆ ಓಟದ ಆಟವಾಗಿಬಿಡುತ್ತದೆ. ಮೊಬೈಲ್ ಗೇಮ್‌ಗಳಲ್ಲಿ ಗುಂಡು ಹಾರಿಸಿ ಬೆಳೆದ ನಮ್ಮ ಹುಡುಗ, "ಇದ್ರಾಗ ಹೊಡಿಯೋದು ಯಾವಾಗ ಬರ್ತದ?" ಎಂದು ಶುರುವಿನಲ್ಲಿ ಕೇಳಿದವನು, ಈ ಲೋಟದಿಂದ ಲೋಟಕ್ಕೆ ಸುರಿಯುವಾಗ ಕುರ್ಚಿ ಬಿಟ್ಟು ಎದ್ದು ನಿಂತಿದ್ದ.

ಹೊಡೆಯುವುದೂ ಬರುತ್ತದೆ. ಅಲ್ಲೇ ಈ ಆಟದ ಪರಮ ವಿಸ್ಮಯ! ದ್ವೀಪದ ದಾರಿಗಳಲ್ಲಿ ಕಡಲ್ಗಳ್ಳರು ಎದುರಾಗುತ್ತಾರೆ, ಕತ್ತಿಗೆ ಕತ್ತಿ ತಾಗುತ್ತದೆ, ಆದರೆ ಗೆಲುವು ಸೋಲು ನಿರ್ಧಾರವಾಗುವುದು ಬಾಯಿಂದ. ಎದುರಾಳಿ ಹಂಗಿಸುತ್ತಾನೆ, ನಾವು ಸರಿಯಾದ ತಿರುಗೇಟು ಕೊಡಬೇಕು. ಹೈನುಗಾರನ ಹಾಗೆ ಕತ್ತಿ ಬೀಸುತ್ತೀಯಲ್ಲೋ ಎಂದು ಅವನು ಮೂದಲಿಸಿದರೆ, ಸರಿಯಾಗೇ ಹೇಳಿದೆ, ನೀನು ಹಸುವಿನ ಹಾಗೆ ಕಾದುತ್ತೀಯಲ್ಲ ಎಂಬರ್ಥದ ಏಟು ಹೊರಬೀಳಬೇಕು. ಹಳೆಯ ಹಾಲಿವುಡ್ ಕತ್ತಿವರಸೆ ಸಿನಿಮಾಗಳಲ್ಲಿ ಕತ್ತಿಗಿಂತ ನಾಲಿಗೆ ಹೆಚ್ಚು ಓಡುವುದನ್ನು ನೋಡಿ ಗಿಲ್ಬರ್ಟ್‌ಗೆ ಹೊಳೆದದ್ದು ಇದು. ಬೈಗುಳಗಳನ್ನು ಬರೆಯಲು ಕಾದಂಬರಿಕಾರ ಆರ್ಸನ್ ಸ್ಕಾಟ್ ಕಾರ್ಡ್ ಕೂಡ ಕೈಜೋಡಿಸಿದರು.

ತಿರುಗೇಟು ಗೊತ್ತಿಲ್ಲದಿದ್ದರೆ? ಸೋಲುತ್ತೇವೆ. ಆದರೆ ಸೋಲಿಸಿದವನ ಬೈಗುಳ ನಮ್ಮ ಪಟ್ಟಿಗೆ ಸೇರಿಕೊಂಡಿರುತ್ತದೆ. ಅದನ್ನೇ ಹೊತ್ತು ಮುಂದಿನ ಕಳ್ಳನ ಮೇಲೆ ಎಸೆಯುತ್ತೇವೆ. ಅವನು ಬಲ್ಲವನಾದರೆ ಅದರ ತಿರುಗೇಟನ್ನು ನಮ್ಮ ಮುಖಕ್ಕೇ ಹೊಡೆಯುತ್ತಾನೆ, ನಾವು ಮತ್ತೆ ಸೋಲುತ್ತೇವೆ. ಈಗ ತಿರುಗೇಟೂ ನಮ್ಮದಾಯಿತು! ಸೋಲದೆ ಇಲ್ಲಿ ಕಲಿಯಲು ಬೇರೆ ದಾರಿಯೇ ಇಲ್ಲ. ಆಟವನ್ನು ಇಷ್ಟು ವರ್ಷಗಳ ಮೇಲೆ ತೆರೆದಾಗ ನನ್ನ ಮೈ ಜುಂ ಎಂದದ್ದು ಈ ಜಾಗದಲ್ಲಿ. ಸೋತವನನ್ನು ಹಿಂದಕ್ಕೆ ತಳ್ಳದೆ, ಸೋತದ್ದಕ್ಕೇ ಕೂಲಿ ಕೊಡುವ ಆಟ!

ಇನ್ನೂ ಇದೆ. ಹೀಗೆ ಕೂಡಿಸಿದ ಬಂಡವಾಳ ಹಿಡಿದು ಕಾಡಿನೊಳಗಿನ ಕತ್ತಿಯ ಗುರು ಕಾರ್ಲಾ ಎದುರು ನಿಲ್ಲುತ್ತೇವೆ. ಆಕೆ ಬಾಯಿ ತೆರೆದರೆ ಒಂದೂ ನಮಗೆ ಗೊತ್ತಿರುವ ಬೈಗುಳ ಅಲ್ಲ! ನಿನ್ನ ಮೈಯ ರಕ್ತವನ್ನೆಲ್ಲ ಹನಿಹನಿಯಾಗಿ ಕರೆದುಬಿಡುತ್ತೇನೆ ಎನ್ನುತ್ತಾಳೆ. ನಮ್ಮ ಹುಡುಗ ಗರಬಡಿದವನಂತೆ ಪಟ್ಟಿಯನ್ನು ಮೇಲೆ ಕೆಳಗೆ ನೋಡಿದ. ಆಮೇಲೆ ಅವನ ಕಣ್ಣು ದೊಡ್ಡದಾಯಿತು. ಕರೆಯುವುದು! ಹಸು! ಹಳೆಯ ತಿರುಗೇಟೇ ಹೊಸ ಬೈಗುಳಕ್ಕೂ ಅಚ್ಚುಕಟ್ಟಾಗಿ ಕೂರುತ್ತದೆ. ಬಾಯಿಪಾಠ ಮಾಡಿದವನು ಇಲ್ಲಿ ಬೀಳುತ್ತಾನೆ, ಮಾತಿನ ಒಳಗು ಹಿಡಿದವನು ಗೆಲ್ಲುತ್ತಾನೆ.

ಇದನ್ನು ನೋಡುತ್ತ ನಮ್ಮ ಸೀಮೆಯವರಿಗೆ ಹರದೇಶಿ-ನಾಗೇಶಿ ನೆನಪಾಗದೆ ಇರಲು ಸಾಧ್ಯವೇ? ಜಾತ್ರೆಯ ರಾತ್ರಿ, ದಪ್ಪು, ತುಂತುಣಿ, ತಾಳ. ಎದುರುಬದುರು ಎರಡು ಮೇಳ. ಒಂದು ಶಿವನ ಕಡೆ, ಗಂಡೇ ಹೆಚ್ಚು ಎನ್ನುತ್ತದೆ. ಇನ್ನೊಂದು ಶಕ್ತಿಯ ಕಡೆ, ಹೆಣ್ಣೇ ಹೆಚ್ಚು ಎನ್ನುತ್ತದೆ. ಹಾಡಿನಲ್ಲೇ ಸವಾಲು, ಹಾಡಿನಲ್ಲೇ ಜವಾಬು, ಬೆಳ್ಳಿ ಮೂಡುವ ತನಕ. ಎದುರಿನ ಮೇಳ ಎಸೆದ ಸವಾಲನ್ನು ಕಿವಿಯಲ್ಲಿ ಹಿಡಿದಿಟ್ಟುಕೊಂಡವನೇ ಮುಂದಿನ ಜಾತ್ರೆಗೆ ಗಟ್ಟಿಯಾಗುತ್ತಾನೆ. ಕ್ಯಾಲಿಫೋರ್ನಿಯಾದ ಕಚೇರಿಯಲ್ಲಿ ಕೂತ ಮೂವರು ಗೀಗೀ ಪದ ಕೇಳಿದವರಲ್ಲ, ಡೊಳ್ಳು ದಪ್ಪು ಕಂಡವರಲ್ಲ. ಆದರೂ ಮಾತಿಗೆ ಮಾತು ಕೊಡುವ ಆ ಜಟಾಪಟಿಯ ಒಳಗಣ ನಡೆಯನ್ನು ಹಾಗ್ಹಾಗೇ ಕಂಡುಕೊಂಡರಲ್ಲ! ಈ ಭಾಗವನ್ನು ಯಾರಾದರೂ ನಮ್ಮ ಲಾವಣಿಕಾರರ ಕೈಲಿ ಕನ್ನಡದಲ್ಲಿ ಹೊಸದಾಗಿ ಬರೆಸಬೇಕು. ಬೈಗುಳದ ಸಂಪತ್ತಿನಲ್ಲಿ ಯಾದಗಿರಿ ಜಿಲ್ಲೆ ಯಾವ ಕೆರಿಬಿಯನ್ ದ್ವೀಪಕ್ಕೂ ಕಡಿಮೆಯಿಲ್ಲ.

ಚಿತ್ರಗಳ ಬಗ್ಗೆ ಎರಡು ಮಾತು. ಆಟದ ಮೊದಲ ಆವೃತ್ತಿಯ ಪರದೆಗೆ ಇದ್ದದ್ದು ಹದಿನಾರೇ ಬಣ್ಣ. ಕಲಾವಿದ ಮಾರ್ಕ್ ಫೆರಾರಿ ಎರಡು ಬಣ್ಣದ ಚುಕ್ಕಿಗಳನ್ನು ಒಂದರ ಪಕ್ಕ ಒಂದು ಹೆಣೆದು, ಇಲ್ಲದ ಮೂರನೇ ಬಣ್ಣವನ್ನು ಕಣ್ಣಿಗೆ ಕಾಣಿಸಿದರು. ದ್ವೀಪದ ಆ ನೀಲಿ ರಾತ್ರಿ ಹಾಗೆ ಹುಟ್ಟಿದ್ದು. ಲ್ಯಾಪ್‌ಟಾಪಿಗೆ ಮೂಗು ತಾಗಿಸಿ ನೋಡಿದೆ: ಬರೀ ಚುಕ್ಕಿ. ಹಿಂದೆ ಸರಿದೆ: ಆಕಾಶ! ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಅಂಗೈಯಗಲದ ಜಾಗದಲ್ಲಿ ದರಬಾರನ್ನೇ ಕೂರಿಸುತ್ತಿದ್ದ ಚಿತ್ರಗಾರರು ಇದನ್ನು ನೋಡಿದ್ದರೆ ತಮ್ಮ ಕುಲದವನೇ ಎಂದು ಮಾತಾಡಿಸುತ್ತಿದ್ದರು. 2009ರಲ್ಲಿ ಬಂದ ವಿಶೇಷ ಆವೃತ್ತಿಯಲ್ಲಿ ಒಂದು ಗುಂಡಿ ಒತ್ತಿದರೆ ಹೊಸ ಚಿತ್ರ ಮಾಯವಾಗಿ ಹಳೆಯ ಚಿತ್ರ ಬರುತ್ತದೆ, ಮತ್ತೆ ಒತ್ತಿದರೆ ಹೊಸದು. ನಾನು ಹಳೆಯದರಲ್ಲೇ ನಿಂತುಬಿಡುತ್ತೇನೆ, ನಮ್ಮ ಹುಡುಗ ಹೊಸದಕ್ಕೆ ಎಳೆಯುತ್ತಾನೆ.

ಕಾಡಿನಲ್ಲಿ ಒಂದು ಮರದ ಬೊಡ್ಡೆ ಇದೆ. ಅದರೊಳಗೆ ಇಣುಕಿದರೆ ಕೆಳಗೆ ಸುರಂಗಗಳಿವೆ ಎಂದು ಗೈಬ್ರಶ್ ಹಿಗ್ಗುತ್ತಾನೆ. ತಕ್ಷಣ ಆಟ 22ನೇ ಫ್ಲಾಪಿ ಹಾಕಿ ಎನ್ನುತ್ತದೆ. ಆಮೇಲೆ 36ನೇದು. ಆಮೇಲೆ 114ನೇದು! ಅಷ್ಟು ಫ್ಲಾಪಿ ಆಟದೊಂದಿಗೆ ಬಂದೇ ಇರಲಿಲ್ಲ, ಬರೀ ತಮಾಷೆ. ಕೊಂಡವರು ತಮ್ಮ ಪೆಟ್ಟಿಗೆಯಲ್ಲಿ ಡಿಸ್ಕ್ ಕಡಿಮೆ ಬಂದಿದೆಯೆಂದು ಕಂಪನಿಯ ಸಹಾಯವಾಣಿಗೆ ಒಂದೇ ಸಮನೆ ಫೋನ್ ಮಾಡತೊಡಗಿದರು. ಕೊನೆಗೆ ಸಿ.ಡಿ. ಆವೃತ್ತಿಯಲ್ಲಿ ಆ ತಮಾಷೆಯನ್ನೇ ಕಿತ್ತುಹಾಕಬೇಕಾಯಿತು.

ಫ್ಲಾಪಿ ಕಾಲದ ಆಟ ಇವತ್ತಿನ ಲ್ಯಾಪ್‌ಟಾಪಿನಲ್ಲಿ, ಕಿಸೆಯ ಫೋನಿನಲ್ಲಿ ಹೇಗೆ ನಡೆಯುತ್ತದೆ? ಇದರ ಹಿಂದೆಯೂ ಒಂದು ಅಚ್ಚರಿ ಕೂತಿದೆ. ಮ್ಯಾನಿಯಾಕ್ ಮ್ಯಾನ್ಷನ್ ಮಾಡುವಾಗ ಗಿಲ್ಬರ್ಟ್ ಮತ್ತು ಗೆಳೆಯರು 'ಸ್ಕಮ್' ಎಂಬ ವ್ಯವಸ್ಥೆ ಕಟ್ಟಿದರು. ಕತೆ, ಮಾತು, ಒಗಟು ಎಲ್ಲವನ್ನೂ ಒಂದು ಬೇರೆ ಸ್ಕ್ರಿಪ್ಟ್ ಭಾಷೆಯಲ್ಲಿ ಬರೆಯುವುದು. ಆ ಸ್ಕ್ರಿಪ್ಟನ್ನು ಓದಿ ನಡೆಸುವ ಚಿಕ್ಕ ಪ್ರೋಗ್ರಾಂ ಒಂದನ್ನು ಪ್ರತಿಯೊಂದು ಬಗೆಯ ಕಂಪ್ಯೂಟರಿಗೂ ಬೇರೆಬೇರೆಯಾಗಿ ಬರೆಯುವುದು. ಕಂಪ್ಯೂಟರ್ ಬದಲಾದರೂ ಕತೆಯ ಕಡತವನ್ನು ಮುಟ್ಟಬೇಕಾಗಿಲ್ಲ. 2001ರಲ್ಲಿ ಸ್ವೀಡನ್ನಿನ ಲುಡ್ವಿಗ್ ಸ್ಟ್ರಿಗಿಯಸ್ ಮತ್ತು ಅವರೊಂದಿಗೆ ವಿನ್ಸೆಂಟ್ ಹ್ಯಾಮ್ ಆ ಓದುಗ ಪ್ರೋಗ್ರಾಮನ್ನು ಹೊಸದಾಗಿ ಬರೆದು, 'ಸ್ಕಮ್‌ವಿಎಂ' ಎಂದು ಹೆಸರಿಟ್ಟು ಎಲ್ಲರಿಗೂ ಪುಕ್ಕಟೆ ಕೊಟ್ಟರು. ಮುಂದೆ ಸ್ವಯಂಸೇವಕರ ದಂಡೇ ಕೂಡಿಕೊಂಡು ನೂರಾರು ಹಳೆಯ ಆಟಗಳನ್ನು ಬದುಕಿಸಿತು. ಮಂಕಿ ಐಲೆಂಡ್ ದುಡ್ಡು ಕೊಟ್ಟು ಕೊಳ್ಳಬೇಕಾದದ್ದೇ, ಈಗಲೂ ಮಾರಾಟದಲ್ಲಿದೆ. ಆದರೆ 1994ರ 'ಬಿನೀತ್ ಎ ಸ್ಟೀಲ್ ಸ್ಕೈ' ಮತ್ತು 1995ರ 'ಫ್ಲೈಟ್ ಆಫ್ ದಿ ಅಮೆಜಾನ್ ಕ್ವೀನ್' ಎಂಬ ಇನ್ನೆರಡು ಸೊಗಸಾದ ಆಟಗಳನ್ನು ಅವುಗಳ ಒಡೆಯರೇ ಉಚಿತವೆಂದು ಬಿಟ್ಟುಕೊಟ್ಟಿದ್ದಾರೆ. ಯಾದಗಿರಿಯ ಕಾಲೇಜು ಹುಡುಗಿಯೊಬ್ಬಳು ಇವತ್ತು ಸಂಜೆಯೇ ಅವನ್ನು ತನ್ನ ಫೋನಿಗೆ ಇಳಿಸಿಕೊಂಡು ಶುರುಮಾಡಬಹುದು, ಒಂದು ಪೈಸೆ ಕೊಡದೆ, ಯಾರದನ್ನೂ ಕದಿಯದೆ!

ಮಂಕಿ ಐಲೆಂಡ್‌ನ ಕೊನೆಯ ಭಾಗದ ಕತೆಯನ್ನು ನಾನು ಇಲ್ಲಿ ಬಿಡಿಸುವುದಿಲ್ಲ. ಮೂರು ತಲೆಯ ಕೋತಿಯನ್ನೂ ಬಿಡುತ್ತೇನೆ, ನೀವೇ ನೋಡಿ. ಆದರೆ ಇದೇ ಸರಣಿಯ ಎರಡನೇ ಆಟದ ಬಗ್ಗೆ ಹೇಳದೆ ಇರಲಾರೆ. 1991ರಲ್ಲಿ ಬಂದ ಅದರ ಶುರುವಿನಲ್ಲೇ ವುಡ್‌ಟಿಕ್ ಎಂಬ ಊರು ಸಿಗುತ್ತದೆ, ಒಡೆದ ಹಡಗುಗಳನ್ನು ಜೋಡಿಸಿ ಕಟ್ಟಿದ ಊರು. ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಆ ಆಟಕ್ಕಾಗಿ ಸಂಗೀತವನ್ನು ಹೊಸ ರೀತಿಯಲ್ಲಿ ಹೆಣೆದರು. ಸೇತುವೆಯ ಮೇಲೆ ನಡೆಯುವಾಗ ಒಂದು ಧಾಟಿ ಕೇಳಿಸುತ್ತಿರುತ್ತದೆ. ಒಂದು ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಅದೇ ಧಾಟಿ ತಾಳ ತಪ್ಪದೆ ಬೇರೊಂದು ವಾದ್ಯಕ್ಕೆ ಹೊರಳುತ್ತದೆ. ಹೊರಗೆ ಬಂದರೆ ಎಲ್ಲಿಯೂ ತುಂಡಾಗದೆ ಸೇತುವೆಯ ಹಾಡಿಗೆ ಸೇರಿಕೊಳ್ಳುತ್ತದೆ. ನಾವು ಯಾವ ಗಳಿಗೆಯಲ್ಲಿ ಬಾಗಿಲು ತೆರೆಯುತ್ತೇವೆಂದು ಹಾಡಿಗೆ ಹೇಗೆ ಗೊತ್ತು! ಹೆಡ್‌ಫೋನ್ ಹಾಕಿಕೊಂಡು, ಒಗಟು ಗಿಗಟು ಬಿಟ್ಟು, ಸುಮ್ಮನೆ ಬಾಗಿಲುಗಳನ್ನು ಒಂದೊಂದಾಗಿ ತೆರೆದು ಮುಚ್ಚಿ ಕೇಳಿ. ನಮ್ಮ ಹುಡುಗ ಈಗ ಅಲ್ಲೇ ಇದ್ದಾನೆ, ಊಟಕ್ಕೆ ಕರೆದರೂ ಬರುತ್ತಿಲ್ಲ.