ಪಾಸ್‌ಪೋರ್ಟ್ ಹಿಡಿದು ಹೊರಟ ಗೊಂಬೆಗಳು

ಮಾರ್ಚ್ 3 ಜಪಾನಿನ ಹೆಣ್ಣುಮಕ್ಕಳಿಗೆ ಹಿನಾಮತ್ಸುರಿ, ಅಂದರೆ ಗೊಂಬೆ ಹಬ್ಬ. ಮೆಟ್ಟಿಲು ಕಟ್ಟಿ, ಕೆಂಪು ಬಟ್ಟೆ ಹಾಸಿ ಗೊಂಬೆಗಳನ್ನು ಇಡುತ್ತಾರೆ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1927ರ ಆ ಹಬ್ಬಕ್ಕೆಂದು ಅಮೆರಿಕದ ಮಕ್ಕಳು ಹಡಗುಗಳಲ್ಲಿ 12,739 ಗೊಂಬೆಗಳನ್ನು ಕಳಿಸಿಕೊಟ್ಟರು.

ಇದರ ಹಿಂದಿದ್ದವರು ಸಿಡ್ನಿ ಗ್ಯೂಲಿಕ್. ಜಪಾನಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಪಾದ್ರಿಯಾಗಿ, ಬೋಧಕರಾಗಿ ಇದ್ದವರು. 1924ರಲ್ಲಿ ಅಮೆರಿಕ ಹೊಸ ಕಾನೂನು ತಂದು ಜಪಾನೀಯರ ವಲಸೆಗೆ ಬಾಗಿಲು ಮುಚ್ಚಿತು. ದೊಡ್ಡವರ ಮನಸ್ಸು ಕೆಟ್ಟಿತ್ತು. ಅದು ಸರಿಹೋಗುವವರೆಗೆ ಕಾಯುತ್ತ ಕೂರದೆ ಗ್ಯೂಲಿಕ್ ಮಕ್ಕಳ ಕಡೆ ತಿರುಗಿದರು.

ಮಲಗಿಸಿದರೆ ಕಣ್ಣು ಮುಚ್ಚುವ, ಬಗ್ಗಿಸಿದರೆ ‘ಮಮ್ಮಾ’ ಎಂದು ಸದ್ದು ಮಾಡುವ ಗೊಂಬೆಗಳವು. ಮಕ್ಕಳು ಅವಕ್ಕೆ ಹೆಸರಿಟ್ಟರು, ಉಡುಪು ಹೊಲಿಸಿ ತೊಡಿಸಿದರು, ಬೀಳ್ಕೊಡುಗೆ ಸಮಾರಂಭ ನಡೆಸಿದರು. ಒಂದೊಂದಕ್ಕೂ ಪುಟ್ಟ ಪಾಸ್‌ಪೋರ್ಟ್, ಪ್ರಯಾಣದ ಟಿಕೆಟ್, ಜೊತೆಗೊಂದು ಪತ್ರ! ಭೂಪಟದ ಮೇಲಿನ ಒಂದು ಹೆಸರಷ್ಟೇ ಆಗಿದ್ದ ದೇಶ, ತಮ್ಮ ಗೊಂಬೆ ಹೋಗಿ ನೆಲೆಸುವ ಊರಾಯಿತು. ಪಾಠ ಹೇಳಿ ಇಷ್ಟನ್ನು ಸಾಧಿಸುವುದು ಕಷ್ಟ.

ಜಪಾನ್ ಸುಮ್ಮನಿರಲಿಲ್ಲ. ಹೆಸರಾಂತ ಉದ್ಯಮಿ ಶಿಬುಸಾವಾ ಎಯಿಚಿ ಇಳಿವಯಸ್ಸಿನಲ್ಲಿ ಮುಂದೆ ನಿಂತರು. ಶಾಲೆಯ ಹೆಣ್ಣುಮಕ್ಕಳಿಂದ ಚಿಲ್ಲರೆ ಕಾಸು ಕೂಡಿಸಿ, ನುರಿತ ಕುಶಲಕರ್ಮಿಗಳಿಂದ 58 ಗೊಂಬೆಗಳನ್ನು ಮಾಡಿಸಿ ಅದೇ ವರ್ಷ ಅಮೆರಿಕಕ್ಕೆ ಕಳಿಸಿದರು. ಸುಮಾರು 80 ಸೆಂಟಿಮೀಟರ್ ಎತ್ತರ, ರೇಷ್ಮೆಯ ಕಿಮೋನೊ, ಜೊತೆಗೆ ಪುಟಾಣಿ ಪೆಟ್ಟಿಗೆಗಳು, ಚಹಾ ಪಾತ್ರೆಗಳು. ಅವುಗಳ ಅಂದಕ್ಕೆ ಸಾಟಿಯಿರಲಿಲ್ಲ. ಆದರೆ ಆ ಅಂದವೇ ಮಕ್ಕಳ ಕೈಗೆ ಅಡ್ಡ ಬಂತು. ಊರೂರು ಸುತ್ತಿದ ಮೇಲೆ ಬಹುಪಾಲು ಗೊಂಬೆಗಳು ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ನಿಂತವು. ಐದು ವರ್ಷದ ಮಗುವಿಗೆ, ಮುಟ್ಟಲಾಗದ ಗೊಂಬೆ ಅರ್ಧ ಗೊಂಬೆ.

ಆಮೇಲೆ ಎರಡೂ ದೇಶಗಳ ನಡುವೆ ಯುದ್ಧ ಬಂತು. ಜಪಾನಿನಲ್ಲಿ ಅಮೆರಿಕದಿಂದ ಬಂದ ನೀಲಿ ಕಣ್ಣಿನ ಗೊಂಬೆಗಳನ್ನು ಶತ್ರುಗಳೆಂದು ಸುಟ್ಟರು, ಒಡೆದರು. ಕೆಲವು ಶಿಕ್ಷಕರು ಮಾತ್ರ ಅಪಾಯ ಲೆಕ್ಕಿಸದೆ ಅವನ್ನು ಬಚ್ಚಿಟ್ಟರು. ಹಾಗೆ ಉಳಿದು ಸಿಕ್ಕವು ಮುನ್ನೂರರ ಆಸುಪಾಸು. ಆಟದಿಂದ ಯುದ್ಧ ನಿಲ್ಲುವುದಿಲ್ಲ, ನಿಜ. ಆದರೆ ಗೊಂಬೆಯನ್ನು ಉಳಿಸಲೇಬೇಕು ಎಂದು ಆ ಶಿಕ್ಷಕರಿಗೆ ಅನಿಸಿತಲ್ಲ, ಅದು ಸಣ್ಣ ಫಲವಲ್ಲ.

ಮುಟ್ಟಿ ಕಲಿಯುವುದು ಹೇಗೆಂಬುದಕ್ಕೆ ಬಾಸ್ಟನ್ನಿನ ಮಕ್ಕಳ ವಸ್ತುಸಂಗ್ರಹಾಲಯವನ್ನು ನೋಡಬೇಕು. ಬಾಸ್ಟನ್ ಮತ್ತು ಕ್ಯೋಟೊ 1959ರಿಂದ ಸೋದರಿ ನಗರಗಳು. ಆ ನಂಟಿನ ಗುರುತಾಗಿ ಕ್ಯೋಟೊ ನಗರ ನೂರು ವರ್ಷ ಹಳೆಯದಾದ ರೇಷ್ಮೆ ವ್ಯಾಪಾರಿಯ ಮನೆಯೊಂದನ್ನು ಬಿಚ್ಚಿ ಕಳಿಸಿತು; ಅಲ್ಲಿನ ಬಡಗಿಗಳೇ ಬಂದು ಅದನ್ನು ಮತ್ತೆ ಜೋಡಿಸಿದರು. ಮಕ್ಕಳು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ, ತತಾಮಿ ಚಾಪೆಯ ಮೇಲೆ ನಡೆದಾಡುತ್ತಾರೆ. ‘ಜಪಾನೀಯರು ಹೀಗೆ ಬದುಕುತ್ತಾರೆ’ ಎಂದು ಯಾರೂ ಹೇಳಬೇಕಾಗಿಲ್ಲ, ಕಾಲಿಗೇ ಗೊತ್ತಾಗುತ್ತದೆ.

ಇಂಥದ್ದಕ್ಕೆ ಇಡೀ ಮನೆಯನ್ನೇ ಸಾಗಿಸಬೇಕೆಂದೇನಿಲ್ಲ. ಜಪಾನಿನ ಒತೆದಾಮ ಆಟಕ್ಕೆ ಬೇಕಾದ್ದು ಬಟ್ಟೆ ಚೂರು, ಸೂಜಿ ದಾರ ಮತ್ತು ಒಂದಿಷ್ಟು ಕಾಳು. ಕಾಳು ತುಂಬಿದ ಪುಟ್ಟ ಚೀಲಗಳನ್ನು ಮೇಲೆಸೆದು ಹಿಡಿಯಬೇಕು. ಕಲ್ಲಾಟ ಆಡಿದ ಕೈಗೆ ಇದು ತಟ್ಟನೆ ಒಗ್ಗುತ್ತದೆ. ಬೆಂಗಳೂರಿನ ಎಷ್ಟೋ ಶಾಲೆಗಳಲ್ಲಿ ಈಗ ಬಿಹಾರದ, ಒಡಿಶಾದ, ನೇಪಾಳದ ಮಕ್ಕಳು ನಮ್ಮ ಮಕ್ಕಳ ಪಕ್ಕದಲ್ಲೇ ಕೂತಿದ್ದಾರೆ. ಮೇಷ್ಟ್ರುಗಳು, ಮಿಸ್ಸುಗಳು ವಾರಕ್ಕೊಂದು ಪಿರಿಯಡ್ ಅವರ ಕೈಗೆ ಕೊಡಲಿ: ತಮ್ಮೂರಿನ ಆಟವನ್ನು ಅವರು ಕಲಿಸಲಿ, ಉಳಿದವರು ಆಡಲಿ.